ಗುಣಗಳ ಪಟ್ಟಿ ಹರಿದು ಹಾಕಿದ ಮೇಲೆ ಮಂಜ ಬಂದ

ತಿಪಟೂರು ಕಡೆಯ ಒಂದು ತೋಟದ ಮನೆ. ಹುಡುಗನ ಹೆಸರು ಮಂಜ, ವಯಸ್ಸು 15. ಅರಸೀಕೆರೆಯ ಸೋದರತ್ತೆಯೇ ತನ್ನನ್ನು ಹೆತ್ತವಳು, ಮಕ್ಕಳಿಲ್ಲದ ಅಣ್ಣನ ಮಡಿಲಿಗೆ ಹಾಕಿದ್ದಳು ಅಂತ ಅವನಿಗೆ ಗೊತ್ತಾಗುತ್ತದೆ. ನಾನು ಬರೆದ ಕಿರುಕಾದಂಬರಿಯ ಕಥೆ ಇಷ್ಟೇ. ಆದರೂ ಎರಡು ವರ್ಷ ಹಿಡಿಯಿತು.

ಬರೆಯೋಕೆ ಮೊದಲು ನೋಟ್‌ಬುಕ್ಕಿನಲ್ಲಿ ಅವನ ಗುಣಗಳ ಪಟ್ಟಿ ಮಾಡಿದ್ದೆ. ಮುಂಗೋಪಿ, ಸೂಕ್ಷ್ಮ, ಹಟಮಾರಿ, ಒಂಟಿ. ಪಟ್ಟಿಯಲ್ಲಿದ್ದ ಹಾಗೇ ಮಂಜ ತಟ್ಟೆ ಎಸೆದ, "ನಾನು ಯಾರ ಮಗ?" ಅಂತ ಕೂಗಿದ, ಮನೆ ಬಿಟ್ಟು ಓಡಿದ. ಅಕ್ಕ ಓದಿ, "ಇದು ಸಂಜೆ ಸೀರಿಯಲ್ಲು ಕಣೋ" ಅಂದಳು.

ಅವಳ ಮಗನಿಗೂ ಆಗ ಅದೇ ವಯಸ್ಸು. ಅವನಿಗೆ ಬೇಜಾರಾದರೆ ಕೂಗಾಟ ಇಲ್ಲ. ಊಟ ಮಾಡುತ್ತಾನೆ, ಹೋಮ್‌ವರ್ಕ್ ಮಾಡುತ್ತಾನೆ. ಆದರೆ ಯಾರನ್ನೂ ಕರೆಯುವುದಿಲ್ಲ. "ಅಮ್ಮ, ಸಾರು" ಅನ್ನುತ್ತಿದ್ದವನು ಬರೀ "ಸಾರು" ಅನ್ನುತ್ತಾನೆ. ಪಟ್ಟಿ ಹರಿದು ಹಾಕಿ, ಈ ಒಂದನ್ನೇ ಮಂಜನಿಗೆ ಕೊಟ್ಟೆ.

ಕೊಟ್ಟ ಮೇಲೆ ಗುಟ್ಟು ಬಯಲಾಗುವ ದಾರಿಯೂ ಬದಲಾಯಿತು. ಮೊದಲು ಬೀರುವಿನಲ್ಲಿ ಹಳೇ ಕಾಗದ ಸಿಗುವ ದೃಶ್ಯ ಇತ್ತು (ಎಲ್ಲರ ಕಥೆಯಲ್ಲೂ ಆ ಬೀರು ಇರುತ್ತೆ, ಅಲ್ವಾ?). ಕರೆಯುವ ಮಾತನ್ನೇ ಗಮನಿಸುವ ಹುಡುಗನಿಗೆ ಕಾಗದ ಯಾಕೆ? ಇನ್ನಿಬ್ಬರು ಅತ್ತೆಯರ ಹೆಣ್ಣುಮಕ್ಕಳು ಅವನನ್ನು "ಭಾವ" ಅನ್ನುತ್ತಾರೆ. ಅರಸೀಕೆರೆ ಅತ್ತೆಯ ಮಗಳು ಮಾತ್ರ "ಅಣ್ಣ" ಅನ್ನುತ್ತಾಳೆ. ಒಂದು ಮದುವೆಮನೆಯಲ್ಲಿ ಯಾರೋ ನೆಂಟರು, "ಅತ್ತೆ ಮಗಳು ಪಕ್ಕದಲ್ಲೇ ಕೂತಿದ್ದಾಳೆ, ಇನ್ನೇನು ಬಿಡು" ಅಂತ ಮಂಜನನ್ನು ರೇಗಿಸುತ್ತಾರೆ. ಅಜ್ಜಿ ಎಲೆಯಡಿಕೆ ಜಗಿಯುವುದು ನಿಲ್ಲಿಸಿ, "ಆ ಮಾತು ಬೇಡ" ಅನ್ನುತ್ತಾಳೆ. ನಗು ನಿಲ್ಲುತ್ತೆ. ಮಂಜ ಅಜ್ಜಿಯ ಮುಖ ನೋಡುತ್ತಾನೆ, ಆಮೇಲೆ ಅತ್ತೆಯದು.

ಇದು ಸರಿಯಾ ಅಂತ ಅನುಮಾನ ಬಂದು ಕಾನೂನು ನೋಡಿದೆ. 1956ರ ಹಿಂದೂ ದತ್ತಕ ಕಾಯ್ದೆಯ ಪ್ರಕಾರ ದತ್ತು ಹೋದ ಮಗು ಪೂರ್ತಿ ಹೊಸ ಮನೆಯದ್ದೇ. ಆದರೆ ಹುಟ್ಟಿದ ಮನೆಯಲ್ಲಿ ಯಾರನ್ನು ಮದುವೆ ಆಗುವ ಹಾಗಿರಲಿಲ್ಲವೋ, ದತ್ತು ಹೋದ ಮೇಲೂ ಅವರನ್ನು ಆಗುವ ಹಾಗಿಲ್ಲ. ಕಾಯ್ದೆ ಓದದ ಅಜ್ಜಿ ಅದನ್ನೇ ಮೂರು ಪದದಲ್ಲಿ ಹೇಳಿಬಿಟ್ಟಿದ್ದಳು.

ಕೊಬ್ಬರಿ ವಿಷಯದಲ್ಲಿ ಎಡವಿದೆ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಣಗಿದ ಮೇಲೆ ಅಲ್ಲಾಡಿಸಿದರೆ ಒಳಗೆ ಉಂಡೆ ಗಡಗಡ ಅನ್ನುತ್ತೆ. ಮಂಜ ಕಾಯಿ ಅಲ್ಲಾಡಿಸುತ್ತಾ, ಮನುಷ್ಯರೂ ಹೀಗೇ ಅಂತ ಒಂದು ಪುಟ ಯೋಚಿಸಿದ್ದ. ಅಷ್ಟನ್ನೂ ಹೊಡೆದು ಹಾಕಿದೆ. ಹದಿನೈದರ ಹುಡುಗ ಹಾಗೆಲ್ಲ ಯೋಚಿಸಲ್ಲ. ಕಾಯಿ ಅಲ್ಲಾಡಿಸುವುದನ್ನು ಮಾತ್ರ ಉಳಿಸಿಕೊಂಡೆ, ಸುಮ್ನೆ ಕೆಲಸವಾಗಿ.

ಹದಿನೇಳು ಪುಟ ಅವನು ಯಾರನ್ನೂ ಕರೆಯುವುದಿಲ್ಲ. ಆಮೇಲೆ ಒಂದು ಭಾನುವಾರ ಪ್ಯಾಸೆಂಜರ್ ರೈಲು ಹತ್ತಿ ಅರಸೀಕೆರೆಗೆ ಹೋಗುತ್ತಾನೆ. ಬಾಗಿಲು ತೆಗೆದ ಅತ್ತೆಗೆ ಏನು ಹೇಳುತ್ತಾನೆ? ಆರೇಳು ಸಲ ಬರೆದೆ, ಪ್ರತಿ ಸಲ ಭಾಷಣವಾಯಿತು. ಕೊನೆಗೆ ಅವನ ಕೈಗೆ ಒಂದು ಚೀಲ ಕೊಟ್ಟೆ. ಅತ್ತೆ ಏನೂ ಕೇಳದೆ ತಟ್ಟೆ ಹಾಕುತ್ತಾಳೆ. ಅವನು ಚೀಲವನ್ನು ಅಡುಗೆಮನೆ ಬಾಗಿಲಲ್ಲಿ ಇಡುತ್ತಾನೆ.

"ಕೊಬ್ಬರಿ. ಅಮ್ಮ ಕಳಿಸಿದ್ದಾಳೆ."