ರೇಡಿಯನ್ ಪಾಠಕ್ಕೆ ಒಂದು ಮೀಟರ್ ವೈರ್

ವಿರಾಜಪೇಟೆ ಕಡೆ ನಮ್ಮ ಮನೆಯಲ್ಲೇ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮೊದಲ ಪಿಯುಸಿಯ ತ್ರಿಕೋನಮಿತಿ ಶುರುವಾಗುವ ಹೊತ್ತಿಗೆ ಇಲ್ಲಿ ಮಳೆ ಹಿಡಿದಿರುತ್ತದೆ. ಎಸ್ಸೆಸ್ಸೆಲ್ಸಿವರೆಗೆ ಕೋನ ಎಂದರೆ ಡಿಗ್ರಿ, ಅಷ್ಟೇ. ಈಗ ಇದ್ದಕ್ಕಿದ್ದಂತೆ ರೇಡಿಯನ್. ಹೆಚ್ಚಿನ ಮಕ್ಕಳು ಎರಡು ಸೂತ್ರ ಉರು ಹೊಡೆದುಕೊಂಡೇ ಬರುತ್ತಾರೆ: ಡಿಗ್ರಿಯಿಂದ ರೇಡಿಯನ್‌ಗೆ ಹೋಗಲು ಪೈ/180ರಿಂದ ಗುಣಿಸು, ವಾಪಸ್ ಬರಲು 180/ಪೈ. ಸ್ವಲ್ಪ ದಿನ ಕಳೆದರೆ ಯಾವುದು ಯಾವುದಕ್ಕೆ ಎಂಬುದೇ ಅದಲುಬದಲು. ಅದಕ್ಕೇ ಮೊದಲ ತರಗತಿಯಲ್ಲಿ ನಾನು ಆ ಸೂತ್ರಗಳ ಗೊಡವೆಗೇ ಹೋಗುವುದಿಲ್ಲ.

ಬದಲಿಗೆ ಒಂದು ಮೀಟರ್ ಉದ್ದದ ವೈರ್ ತುಂಡು ತೆಗೆದುಕೊಳ್ಳುತ್ತೇನೆ. ಮನೆ ವೈರಿಂಗಿಗೆ ಹಾಕುವ ತೆಳ್ಳನೆಯ ತಾಮ್ರದ ವೈರ್ ಆದರೆ ಒಳ್ಳೆಯದು. ಬಗ್ಗಿಸಿದ ಹಾಗೆ ನಿಲ್ಲುತ್ತದೆ. ನಾರಿನ ಹಗ್ಗದ ಅಳತೆ ಈ ಥಂಡಿಯಲ್ಲಿ ನಿಲ್ಲುವುದಿಲ್ಲ. ಅದೇ ಒಂದು ಮೀಟರನ್ನು ತ್ರಿಜ್ಯ ಮಾಡಿಕೊಂಡು ಹಾಲಿನ ರೆಡ್ ಆಕ್ಸೈಡ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಎಳೆಯುತ್ತೇವೆ. ಮಳೆ ಇಲ್ಲದ ಕಾಲವಾದರೆ ಕಾಫಿ ಒಣಗಿಸುವ ಕಣವೇ ಇದೆ, ಎಷ್ಟು ದೊಡ್ಡ ವೃತ್ತ ಬೇಕಾದರೂ ಎಳೆಯಬಹುದು. ಆದರೆ ಜೂನ್ ಜುಲೈಯಲ್ಲಿ ಕಣದ ಮೇಲೆ ಪಾಚಿ, ಕಾಲಿಟ್ಟರೆ ಜಾರುತ್ತದೆ.

ಈಗ ಮಕ್ಕಳ ಕೆಲಸ. ವೈರನ್ನು ಪರಿಧಿಯ ಗೆರೆಯ ಮೇಲೇ ಬಾಗಿಸಿ ಇಡಬೇಕು. ವೈರಿನ ಎರಡು ತುದಿಯಿಂದ ಕೇಂದ್ರಕ್ಕೆ ಗೆರೆ ಎಳೆದರೆ ಕೇಂದ್ರದಲ್ಲಿ ಬರುವ ಕೋನವೇ ಒಂದು ರೇಡಿಯನ್. ಬೇರೆ ವ್ಯಾಖ್ಯೆ ಬೇಕಿಲ್ಲ. ಕೋನಮಾಪಕ ಇಟ್ಟು ನೋಡಿದರೆ 57 ಡಿಗ್ರಿಯ ಆಸುಪಾಸು ತೋರುತ್ತದೆ. ಹೀಗೇ ವೈರನ್ನು ಮುಂದೆ ಮುಂದೆ ಇಡುತ್ತಾ ಹೋದರೆ ಆರು ಸಲ ಹಿಡಿದು, ಕೊನೆಗೆ 28 ಸೆಂಟಿಮೀಟರ್ ಚಿಲ್ಲರೆ ಉಳಿಯುತ್ತದೆ. ಒಂದು ಪೂರ್ತಿ ಸುತ್ತಿಗೆ 6.28 ರೇಡಿಯನ್, ಅರ್ಧ ಸುತ್ತಿಗೆ 3.14. ಪೈ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ, ನೆಲದ ಮೇಲೆ ಕಣ್ಣೆದುರೇ ಇರುತ್ತದೆ.

ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ವೈರನ್ನು ಬಾಗಿಸದೆ ನೇರವಾಗಿ, ಬಿಂದುವಿನಿಂದ ಬಿಂದುವಿಗೆ ಇಡುತ್ತಾರೆ. ಅವರಿಗೆ ಸರಿಯಾಗಿ ಆರೇ ಸಲ ಬರುತ್ತದೆ, ಏನೂ ಉಳಿಯುವುದಿಲ್ಲ, ಕೋನ 60 ಡಿಗ್ರಿ. ಆಗ ನಾನು ತಿದ್ದುವುದಿಲ್ಲ, ಎರಡನ್ನೂ ಅಕ್ಕಪಕ್ಕ ಇಡಿಸುತ್ತೇನೆ. ನೇರ ಇಟ್ಟದ್ದು ಜ್ಯಾ, ಬಾಗಿಸಿ ಇಟ್ಟದ್ದು ಕಂಸ. 60 ಡಿಗ್ರಿಯ ಕಂಸ 1.047 ಮೀಟರ್, ವೈರಿಗಿಂತ ಸುಮಾರು ಐದು ಸೆಂಟಿಮೀಟರ್ ಉದ್ದ. ಅದೇ ಪೈ/3. ಈ ಐದು ಸೆಂಟಿಮೀಟರನ್ನು ಕಣ್ಣಾರೆ ಕಂಡವರಿಗೆ 57 ಮತ್ತು 60 ಎಂದೂ ಗೊಂದಲವಾಗುವುದಿಲ್ಲ. ಇಡೀ ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಘಳಿಗೆ ಇದು.

ಇದಾದ ಮೇಲೆ ಪರಿವರ್ತನೆಗೆ ಒಂದೇ ಪ್ರಶ್ನೆ ಸಾಕು: ಈ ಕೋನ ಅರ್ಧ ಸುತ್ತಿನ ಎಷ್ಟನೇ ಪಾಲು? 45 ಡಿಗ್ರಿ ನಾಲ್ಕನೇ ಒಂದು ಪಾಲು, ಆದ್ದರಿಂದ ಪೈ/4. 150 ಡಿಗ್ರಿ ಆರರಲ್ಲಿ ಐದು ಪಾಲು, 5ಪೈ/6. ವಾಪಸ್ ಬರುವಾಗಲೂ ಅಷ್ಟೇ: 7ಪೈ/12 ಎಂದರೆ 180ರ ಹನ್ನೆರಡರಲ್ಲಿ ಏಳು ಪಾಲು, 105 ಡಿಗ್ರಿ. ಪೈ ಇಲ್ಲದ ಬರಿ ಸಂಖ್ಯೆ ಬಂದಾಗ ಮೊದಲು 57ರ ಅಂದಾಜು ಹಾಕಿಸುತ್ತೇನೆ. 2 ರೇಡಿಯನ್ ಎಂದರೆ 114ರ ಸುತ್ತಮುತ್ತ ಇರಲೇಬೇಕು, ಲೆಕ್ಕ ಮಾಡಿದರೆ 114°35'30". ಉತ್ತರ 0.035 ಎಂದು ಬಂದರೆ ಸೂತ್ರ ತಿರುಗುಮುರುಗಾಗಿದೆ ಎಂದು ಹುಡುಗರೇ ಹಿಡಿಯುತ್ತಾರೆ. ‘ಪೈ = 180’ ಎಂದು ಬರೆಯುವುದನ್ನು ಮಾತ್ರ ನಾನು ಬಿಡುವುದಿಲ್ಲ. ಪೈ 3.14, ಅದು ಯಾವತ್ತೂ 180 ಆಗದು. ಪೈ ರೇಡಿಯನ್ 180 ಡಿಗ್ರಿಗೆ ಸಮ.

ಮಿನಿಟುಗಳಿರುವ ಲೆಕ್ಕಕ್ಕೆ ನಮ್ಮ ಮಡಿಕೇರಿಯನ್ನೇ ತೆಗೆದುಕೊಳ್ಳುತ್ತೇನೆ. ಅದರ ಅಕ್ಷಾಂಶ ಸುಮಾರು 12 ಡಿಗ್ರಿ 25 ಮಿನಿಟ್ ಉತ್ತರ. ಅವಸರದವರು 12.25 ಎಂದು ಬರೆದುಬಿಡುತ್ತಾರೆ. ಮಿನಿಟ್ ಅರವತ್ತರ ಲೆಕ್ಕ, ಹಾಗಾಗಿ 25/60, ಅಂದರೆ 5/12. ಒಟ್ಟು 149/12 ಡಿಗ್ರಿ. ರೇಡಿಯನ್‌ನಲ್ಲಿ 149ಪೈ/2160, ಸುಮಾರು 0.2167. ಇದನ್ನು ಭೂಮಿಯ ತ್ರಿಜ್ಯ 6371 ಕಿಲೋಮೀಟರಿನಿಂದ ಗುಣಿಸಿದರೆ 1380 ಕಿಲೋಮೀಟರ್: ಮಡಿಕೇರಿಯಿಂದ ಸಮಭಾಜಕ ವೃತ್ತಕ್ಕೆ ನೆಲದ ಮೇಲಿನ ದೂರ. ಕೋನ ರೇಡಿಯನ್‌ನಲ್ಲಿದ್ದರೆ ತ್ರಿಜ್ಯದಿಂದ ಗುಣಿಸಿದ ಕೂಡಲೇ ಉದ್ದ ಸಿಗುತ್ತದೆ, ನಡುವೆ ಇನ್ನೊಂದು ಹೆಜ್ಜೆ ಇಲ್ಲ. ರೇಡಿಯನ್ ಯಾಕೆ ಬೇಕು ಎಂದು ಕೇಳುವವರಿಗೆ ನಾನು ಮೊದಲು ಕೊಡುವ ಉತ್ತರ ಇದು.

ತೋಟದಲ್ಲೂ ಇದು ಕೆಲಸಕ್ಕೆ ಬರುತ್ತದೆ. ಒಂದು ಡಿಗ್ರಿ 0.01745 ರೇಡಿಯನ್, ಅಂದರೆ ನೂರು ಮೀಟರ್ ದೂರದಲ್ಲಿ ಒಂದು ಡಿಗ್ರಿಗೆ 1.75 ಮೀಟರ್, ಹೆಚ್ಚುಕಡಿಮೆ ಒಂದು ಆಳಿನ ಎತ್ತರ. ಗದ್ದೆಯಾಚೆ ನೂರು ಮೀಟರ್ ದೂರದ ಸಿಲ್ವರ್ ಓಕ್ ಬುಡದಿಂದ ತುದಿಗೆ 12 ಡಿಗ್ರಿ ತೋರಿದರೆ ಎತ್ತರ ಸುಮಾರು 21 ಮೀಟರ್. ಟ್ಯಾನ್ ಹಾಕಿದರೂ 21.3 ಬರುತ್ತದೆ. ಕೋನ ಚಿಕ್ಕದಿದ್ದಾಗ ರೇಡಿಯನ್, ಸೈನ್, ಟ್ಯಾನ್ ಮೂರೂ ಒಟ್ಟೊಟ್ಟಿಗೆ ನಡೆಯುತ್ತವೆ: 5 ಡಿಗ್ರಿ ಎಂದರೆ 0.0873, ಅದರ ಸೈನ್ 0.0872. ದ್ವಿತೀಯ ಪಿಯುಸಿಯಲ್ಲಿ ಸೈನ್‌ನ ಅವಕಲನ ಕೊಸೈನ್ ಎಂದು ಸಲೀಸಾಗಿ ಬರೆಯುವುದೂ ಇದರ ಬಲದಿಂದಲೇ. ಡಿಗ್ರಿಯಲ್ಲಿ ಲೆಕ್ಕ ಹಾಕಿದ್ದರೆ ಪ್ರತಿ ಸಲವೂ 0.01745 ಹೊತ್ತುಕೊಂಡು ತಿರುಗಬೇಕಿತ್ತು.

ರೇಡಿಯನ್ ಎಂಬ ಹೆಸರು ಅಚ್ಚಿನಲ್ಲಿ ಕಾಣಿಸಿದ್ದು 1873ರಲ್ಲಿ, ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನಲ್ಲಿ ಜೇಮ್ಸ್ ಥಾಮ್ಸನ್ ಕೊಟ್ಟ ಪ್ರಶ್ನೆಪತ್ರಿಕೆಯಲ್ಲಿ. ಆದರೆ ಅದರ ಹಿಂದಿನ ಆಲೋಚನೆ ನಮಗೆ ಹೊಸದಲ್ಲ. ಕ್ರಿ.ಶ. 499ರ ಆರ್ಯಭಟೀಯದ ಜ್ಯಾ ಕೋಷ್ಟಕಕ್ಕೆ (ಇಲ್ಲಿ ಜ್ಯಾ ಎಂದರೆ ಅರ್ಧ ಜ್ಯಾ, ಇಂದಿನ ಸೈನ್) ತ್ರಿಜ್ಯ 3438. ಯಾಕೆ ಆ ಸಂಖ್ಯೆ? ಪರಿಧಿ 360 × 60 = 21,600 ಕಲೆ, ಕಲೆ ಎಂದರೆ ಇಂದಿನ ಮಿನಿಟ್; ಅದನ್ನು 2ಪೈಯಿಂದ ಭಾಗಿಸಿ, 3438 ಬರುತ್ತದೆ. ಪರಿಧಿಯನ್ನು ಅಳೆದ ಕೋಲಿನಲ್ಲೇ ತ್ರಿಜ್ಯವನ್ನೂ ಅಳೆದದ್ದು. 3438ನ್ನು 60ರಿಂದ ಭಾಗಿಸಿದರೆ 57.3! ಹದಿನಾಲ್ಕನೇ ಶತಮಾನದಲ್ಲಿ, ನಮ್ಮ ಗಡಿಯಾಚೆಯ ಕೇರಳದ ಸಂಗಮಗ್ರಾಮದ ಮಾಧವ ಇದನ್ನು ಇನ್ನೂ ನಯವಾಗಿಸಿ 3437 ಕಲೆ 44 ವಿಕಲೆ 48 ತತ್ಪರೆ ಎಂದ. ವಿಕಲೆ ಎಂದರೆ ಸೆಕೆಂಡ್, ತತ್ಪರೆ ಅದರ ಅರವತ್ತನೇ ಒಂದು ಪಾಲು. ಇಂದಿನ ಲೆಕ್ಕದಲ್ಲಿ ಒಂದು ರೇಡಿಯನ್ 57°17'44.8". 57 ಡಿಗ್ರಿ 17 ಮಿನಿಟನ್ನು ಬರೀ ಮಿನಿಟ್ ಮಾಡಿ ನೋಡಿ, 3437. ಉಳಿದ 44.8 ಸೆಕೆಂಡೂ ಹಾಗೇ ಕೂರುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆಯುವಾಗ ನನಗೆ ಈಗಲೂ ರೋಮಾಂಚನ.

ಪಾಠ ಮುಗಿಸುವ ಮುನ್ನ ಕ್ಯಾಲ್ಕ್ಯುಲೇಟರಿನ ಒಂದು ಪರೀಕ್ಷೆ ಮಾಡಿಸುತ್ತೇನೆ. ಸೈನ್ 30 ಒತ್ತಿ. 0.5 ಬಂದರೆ ಡಿಗ್ರಿಯಲ್ಲಿದೆ. ಮೈನಸ್ 0.988 ಬಂದರೆ ರೇಡಿಯನ್‌ನಲ್ಲಿದೆ. 0.454 ಬಂದರೆ ಗ್ರೇಡಿಯನ್, ಅದರಲ್ಲಿ ಲಂಬಕೋನಕ್ಕೆ ನೂರು ಭಾಗ, ಕೂಡಲೇ ಬದಲಿಸಿಕೊಳ್ಳಿ. ಎಕ್ಸೆಲ್, ಪೈಥಾನ್, ಜಾವಾಸ್ಕ್ರಿಪ್ಟ್‌ಗಳ ಸೈನ್ ರೇಡಿಯನ್ನನ್ನೇ ಕೇಳುತ್ತದೆ, ಅಲ್ಲಿ ಬದಲಿಸುವ ಗುಂಡಿ ಇಲ್ಲ. ಡಿಗ್ರಿಯನ್ನು ನಾವೇ ಪರಿವರ್ತಿಸಿ ಕೊಡಬೇಕು.