ಬಿಜಲಿಯ ಹಸಿ ಊಟ: ತಕ್ಕಡಿ ಹಿಡಿದು ಕಲಿತದ್ದು

ನಾಯಿಗೆ ಹಸಿ ಮಾಂಸ ಹಾಕುತ್ತೇನೆ ಅಂದರೆ ಎಲ್ಲರೂ ಕೇಳುವುದು ಮಾಂಸದ ಬಗ್ಗೆಯೇ. ಯಾವ ಮಾಂಸ, ಎಷ್ಟು, ಎಲ್ಲಿಂದ ತರ್ತೀರಿ. ಎಲುಬಿನ ಬಗ್ಗೆ ಕೇಳಿದವರು ತೀರಾ ಕಡಿಮೆ. ನನ್ನ ಮಟ್ಟಿಗೆ ಈ ಪದ್ಧತಿಯಲ್ಲಿ ಮೊದಲು ಕಲಿಯಬೇಕಾದದ್ದು ಎಲುಬಿನ ಲೆಕ್ಕ. ಬರೀ ಮಾಂಸದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹದಿನೈದಿಪ್ಪತ್ತು ಪಟ್ಟು ಹೆಚ್ಚಿರುತ್ತದೆ. ನಾಯಿಗೆ ಬೇಕಾದದ್ದು ಇವೆರಡೂ ಹೆಚ್ಚುಕಡಿಮೆ ಸಮವಾಗಿ, ಕ್ಯಾಲ್ಸಿಯಂ ತುಸು ಮೇಲಾಗಿ. ಊಟದಲ್ಲಿ ಸಿಗದ ಕ್ಯಾಲ್ಸಿಯಂ ಅನ್ನು ದೇಹ ತನ್ನ ಎಲುಬನ್ನೇ ಕರಗಿಸಿ ತೆಗೆದುಕೊಳ್ಳುತ್ತದೆ. ಬೆಳೆಯುವ ಮರಿಗೆ ತಿಂಗಳುಗಟ್ಟಲೆ ಬರೀ ಖೀಮಾ ತಿನ್ನಿಸಿದರೆ ಕಾಲು ಸೊಟ್ಟಗಾಗುತ್ತವೆ, ಕಟ್ಟೆಯಿಂದ ಜಿಗಿದರೂ ಎಲುಬು ಮುರಿಯುವ ಸ್ಥಿತಿ ಬರುತ್ತದೆ. ಒಳ್ಳೆಯ ಊಟ ಕೊಡುತ್ತಿದ್ದೇವೆ ಎಂಬ ನಂಬಿಕೆಯಲ್ಲೇ ಇದೆಲ್ಲ ಆಗಿಬಿಡುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾವಿರುವುದು ಧಾರವಾಡದಲ್ಲಿ. ಬಿಜಲಿ ಮುಧೋಳ ತಳಿಯ ಹೆಣ್ಣು, ತೂಕ 22 ಕಿಲೋ. ಮುಧೋಳ ತಾಲ್ಲೂಕಿನ ರೈತರೊಬ್ಬರ ಮನೆಯಿಂದ ತಂದದ್ದು. ಅವರ ಮನೆಯಲ್ಲಿ ನಾಯಿಗಳಿಗೆ ಜೋಳದ ನುಚ್ಚು, ಹಾಲು, ಆಗೊಮ್ಮೆ ಈಗೊಮ್ಮೆ ಮೊಟ್ಟೆ. ಅದನ್ನೇ ತಿಂದು ಮೊಲದ ಹಿಂದೆ ಓಡುವ ನಾಯಿಗಳವು. ಹಾಗಾಗಿ ನಾಯಿ ಅಂದರೆ ತೋಳ, ತೋಳದ ಊಟವೇ ಅದಕ್ಕೂ ಸರಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ 1993ರಲ್ಲಿ ಬರೆದ ಪುಸ್ತಕದಿಂದ ಈ ಹಸಿ ಊಟ ಹೆಸರು ಮಾಡಿತು. ಅದಾಗಿ ಇಪ್ಪತ್ತು ವರ್ಷಕ್ಕೆ, 2013ರಲ್ಲಿ, ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಪಿಷ್ಟವನ್ನು ಅರಗಿಸುವ ಜೀನ್‌ನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಹೆಚ್ಚಿವೆ ಎಂದು ತೋರಿಸಿತು. ಮನುಷ್ಯರ ಜೊತೆ ಬಾಳಿ ನಾಯಿ ನಮ್ಮ ರೊಟ್ಟಿ, ಅನ್ನ ಅರಗಿಸಲು ಕಲಿತಿದೆ.

ಹಾಗಾದರೆ ನಾನೇಕೆ ಹಸಿ ಊಟಕ್ಕೆ ಬಂದೆ? ಬಿಜಲಿಗೆ ಪ್ಯಾಕೆಟ್ ಫುಡ್ ಸೇರುತ್ತಿರಲಿಲ್ಲ. ಅರ್ಧ ತಿಂದು ಎದ್ದು ಹೋಗುತ್ತಿದ್ದಳು, ಮಲ ಯಾವಾಗಲೂ ತೆಳ್ಳಗೆ. ಮಲ ಪರೀಕ್ಷೆ ಮಾಡಿಸಿದರೆ ಹುಳು ಇರಲಿಲ್ಲ. ಡಾಕ್ಟರು, ಊಟ ಬದಲಿಸಿ ನೋಡೋಣ, ಆದರೆ ಅಂದಾಜಿನಲ್ಲಿ ಹಾಕಬೇಡಿ, ತೂಗಿ ಹಾಕಿ ಅಂದರು. ಆಗ ಅವಳಿಗೆ ವರ್ಷ ದಾಟಿತ್ತು. ಮರಿಯಾಗಿದ್ದಿದ್ದರೆ ನಾನು ಇದಕ್ಕೆ ಕೈಹಾಕುತ್ತಿರಲಿಲ್ಲ. ಬೆಳೆಯುವ ವಯಸ್ಸಿನಲ್ಲಿ ಈ ಲೆಕ್ಕ ಇನ್ನೂ ಬಿಗಿ.

ಬೆಳೆದ ನಾಯಿಗೆ ದಿನಕ್ಕೆ ದೇಹತೂಕದ 2ರಿಂದ 3 ಪ್ರತಿಶತ ಊಟ. ಬಿಜಲಿಗೆ ನಾನು ಹಿಡಿದದ್ದು ಎರಡೂವರೆ, ಅಂದರೆ 550 ಗ್ರಾಂ. ಅದರಲ್ಲಿ 80 ಪಾಲು ಮಾಂಸ, 10 ಪಾಲು ಎಲುಬು, 5 ಪಾಲು ಲಿವರ್, ಉಳಿದ 5 ಪಾಲು ಕಿಡ್ನಿ, ಗುಲ್ಮ (ಸ್ಪ್ಲೀನ್) ಇಂಥ ಬೇರೆ ಅಂಗ. ಈ 10 ಪಾಲು ಎಲುಬು ಅಂದರೆ 55 ಗ್ರಾಂ ಶುದ್ಧ ಎಲುಬು, ಎಲುಬಿರುವ ಮಾಂಸ 55 ಗ್ರಾಂ ಅಲ್ಲ. ಚರ್ಮ ಸಮೇತ ಇರುವ ಕೋಳಿ ಕತ್ತಿನಲ್ಲಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಎಲುಬಿರುತ್ತದೆ. 150 ಗ್ರಾಂ ಕತ್ತು ಹಾಕಿದರೆ ಲೆಕ್ಕ ಸರಿಹೋಯಿತು. ನಮ್ಮ ಕಡೆ ಅಂಗಡಿಗಳಲ್ಲಿ ಚರ್ಮ ಸುಲಿದೇ ಕೊಡುವುದು ರೂಢಿ. ಸುಲಿದ ಕತ್ತಿನಲ್ಲಿ ಎಲುಬಿನ ಪಾಲು ಬಹಳ ಏರುತ್ತದೆ, ಅದೇ 150 ಗ್ರಾಂ ಹಾಕಿದರೆ ಮಲಬದ್ಧತೆ ಖಂಡಿತ. ಆದ್ದರಿಂದ ಚರ್ಮ ಇರಲಿ ಎಂದು ಬಾಯಿಬಿಟ್ಟು ಹೇಳಬೇಕು. ಉಳಿದಂತೆ ಲಿವರ್ ಒಂದು 27 ಗ್ರಾಂ, ಬೇರೆ ಅಂಗ ಅಷ್ಟೇ, ಮಿಕ್ಕ 345 ಗ್ರಾಂ ಎಲುಬಿಲ್ಲದ ಮಾಂಸ. ಕೋಳಿಯ ಗುಂಡಿಗೆಯನ್ನೂ ಕಂದನಕಾಯಿಯನ್ನೂ ನಾನು ಮಾಂಸದ ಲೆಕ್ಕಕ್ಕೇ ಸೇರಿಸುತ್ತೇನೆ, ಅವು ಸ್ನಾಯುಗಳೇ. ಲಿವರ್ ಮಾತ್ರ ಪ್ರೀತಿ ಬಂದಷ್ಟು ಹಾಕುವ ಪದಾರ್ಥ ಅಲ್ಲ. ಅದರಲ್ಲಿ ವಿಟಮಿನ್ ಎ ಅಷ್ಟು ತುಂಬಿರುತ್ತದೆಂದರೆ ದಿನಾ ಹೆಚ್ಚು ಬಿದ್ದರೆ ಮೈಯಲ್ಲಿ ಕೂಡಿಕೊಂಡು ವಿಷವಾಗುತ್ತದೆ.

ಲೆಕ್ಕ ಸರಿಯಿದೆಯೋ ಇಲ್ಲವೋ ಎಂಬುದನ್ನು ಮಲವೇ ಹೇಳುತ್ತದೆ. ಬೆಳ್ಳಗೆ, ಒಣಗಿ, ಮುಟ್ಟಿದರೆ ಪುಡಿಯಾಗುವಂತಿದ್ದರೆ ಎಲುಬು ಜಾಸ್ತಿ. ಕಪ್ಪಗೆ, ಅಂಟಂಟಾಗಿ, ಸಡಿಲವಾಗಿದ್ದರೆ ಲಿವರ್, ಕಿಡ್ನಿ ಜಾಸ್ತಿ. ನಾನು ಶುರು ಮಾಡಿದ್ದು ಕೋಳಿ ಮಾಂಸ ಮತ್ತು ಕತ್ತು ಮಾತ್ರದಿಂದ. ಹೊಟ್ಟೆ ಹೊಂದಿಕೊಂಡ ಮೇಲೆ ಲಿವರ್ ಅನ್ನು ಉಗುರಿನಷ್ಟು ಉಗುರಿನಷ್ಟು ಏರಿಸಿದೆ. ಹಸಿ ಮಾಂಸದಲ್ಲಿ ನೀರಿನಂಶ 70 ಪ್ರತಿಶತದ ಆಸುಪಾಸು ಇರುವುದರಿಂದ ನಾಯಿ ನೀರು ಕುಡಿಯುವುದು ಕಡಿಮೆಯಾಗುತ್ತದೆ, ಅದಕ್ಕೆ ಗಾಬರಿ ಬೇಡ.

ಈಗ ಕುರಿಯ ಅಂಗಗಳ ವಿಷಯ. ನಮ್ಮ ಉತ್ತರ ಕರ್ನಾಟಕದಲ್ಲಿ ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಕಿಡ್ನಿ, ಗುಲ್ಮ ಕೋಳಿಯಿಂದ ಸಿಗುವುದಿಲ್ಲ, ಮಟನ್ ಅಂಗಡಿಗೇ ಹೋಗಬೇಕು. ಅಲ್ಲಿ ಗುರ್ದಾ, ತಿಲ್ಲಿ ಅಂತ ಕೇಳಿದರೆ ಕೊಡುತ್ತಾರೆ. ಕುರಿಯ ಶ್ವಾಸಕೋಶದಲ್ಲೋ ಲಿವರ್‌ನಲ್ಲೋ ಕೆಲವೊಮ್ಮೆ ನೀರು ತುಂಬಿದ ಬಿಳಿ ಗುಳ್ಳೆಗಳು ಕಾಣುತ್ತವೆ. ಅದು ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿಗಳ ಚೀಲ. ಆ ಗುಳ್ಳೆಯನ್ನು ನಾಯಿ ಹಸಿಯಾಗಿ ತಿಂದರೆ ಅದರ ಕರುಳಿನಲ್ಲಿ ಹುಳುಗಳು ಬೆಳೆದು, ಆರೇಳು ವಾರಕ್ಕೆ ಮೊಟ್ಟೆ ಬಿಡಲು ಶುರು ಮಾಡುತ್ತವೆ. ಹುಳು ಕೆಲವೇ ಮಿಲಿಮೀಟರ್ ಉದ್ದ, ಮಲದಲ್ಲಿ ಕಣ್ಣಿಗೆ ಬೀಳುವುದಿಲ್ಲ. ನಾಯಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ಮೊಟ್ಟೆ ಅದರ ಕೂದಲಿಗೆ, ಮಣ್ಣಿಗೆ, ಸೊಪ್ಪಿಗೆ ಅಂಟಿ ಮನುಷ್ಯರ ಹೊಟ್ಟೆ ಸೇರಿದರೆ ನಮ್ಮ ಲಿವರ್‌ನಲ್ಲಿ, ಶ್ವಾಸಕೋಶದಲ್ಲಿ ಅದೇ ಗುಳ್ಳೆ ವರ್ಷಗಟ್ಟಲೆ ಬೆಳೆಯುತ್ತದೆ. ಕೊನೆಗೆ ಎಷ್ಟೋ ಜನ ಆಪರೇಷನ್ ಮಾಡಿಸಿಕೊಳ್ಳಬೇಕಾಗುತ್ತದೆ. ಕುರಿಹಟ್ಟಿಯ ಸುತ್ತ, ಕಸಾಯಿಖಾನೆಯ ಹಿಂದೆ ಬಿಸಾಡಿದ ಅಂಗಗಳನ್ನು ತಿನ್ನುವ ನಾಯಿಗಳಿಂದ ಈ ಚಕ್ರ ತಿರುಗುತ್ತಲೇ ಇದೆ. ನನ್ನ ಮನೆಯ ನಾಯಿ ಅದರಲ್ಲಿ ಒಂದು ಕೊಂಡಿಯಾಗುವುದು ನನಗೆ ಬೇಡ.

ಆದ್ದರಿಂದ ಕುರಿ, ಮೇಕೆಯ ಯಾವ ಅಂಗವನ್ನೂ ನಾನು ಹಸಿಯಾಗಿ ಹಾಕುವುದಿಲ್ಲ. ಸಣ್ಣಗೆ ಹೆಚ್ಚಿ ಅರ್ಧ ಗಂಟೆ ಕುದಿಸುತ್ತೇನೆ. ಬೆಂದರೆ ಒಂದಿಷ್ಟು ಬಿ ವಿಟಮಿನ್ ಹೋಗಬಹುದು, ಹೋಗಲಿ. ಎಲ್ಲವೂ ಹಸಿಯೇ ಆಗಬೇಕು ಎಂದು ಹಟ ಹಿಡಿಯುವವರೊಡನೆ ನಾನು ಈ ಒಂದು ವಿಷಯದಲ್ಲಿ ರಾಜಿಯಾಗಲಾರೆ. ಹಸಿಯಾಗಿ ಹಾಕುವುದು ಕೋಳಿ ಮಾತ್ರ.

ಕೋಳಿಯೂ ನಿರಪಾಯ ಅಲ್ಲ. ಸಾಲ್ಮೊನೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್ ಎಂಬ ರೋಗದ ಸೂಕ್ಷ್ಮಾಣುಗಳು ಅದರ ಜೊತೆಗೇ ಬರುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010ರಿಂದ 2012ರವರೆಗೆ ಪರೀಕ್ಷಿಸಿದ ಸಾಕುಪ್ರಾಣಿಗಳ 196 ಹಸಿ ಆಹಾರದ ಮಾದರಿಗಳಲ್ಲಿ 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಸಿಕ್ಕಿತ್ತು. ಅಲ್ಲಿನ ಪಶುವೈದ್ಯರ ಸಂಘ 2012ರಿಂದಲೂ ಹಸಿ ಮಾಂಸ ಬೇಡ ಎನ್ನುತ್ತಿದೆ. ನಾಯಿ ಹುಷಾರಾಗಿ ಓಡಾಡಿಕೊಂಡಿದ್ದೂ ಮಲದಲ್ಲಿ ಈ ಸೂಕ್ಷ್ಮಾಣುಗಳನ್ನು ಹೊರಹಾಕುತ್ತಿರಬಹುದು. ಫ್ರೀಜರ್‌ನಲ್ಲಿಟ್ಟರೆ ಇವು ಸಾಯುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ ಅಷ್ಟೇ. ಇದನ್ನೆಲ್ಲ ತಿಳಿದೇ ಹಾಕುತ್ತಿದ್ದೇನೆ, ಅದಕ್ಕೆ ತಕ್ಕ ಎಚ್ಚರವನ್ನೂ ಇಟ್ಟುಕೊಂಡಿದ್ದೇನೆ. ನಾದಿನಿ ಬಾಣಂತನಕ್ಕೆ ಮನೆಗೆ ಬಂದಾಗ, ಕೂಸು ಮನೆಯಲ್ಲಿರುವಷ್ಟು ಕಾಲ ಬಿಜಲಿಗೆ ಬೇಯಿಸಿದ ಊಟವೇ. ಮನೆಯಲ್ಲಿ ಗರ್ಭಿಣಿಯರು, ಕೀಮೋ ತೆಗೆದುಕೊಳ್ಳುವವರು, ತೀರಾ ವಯಸ್ಸಾದವರು ಇದ್ದರೆ ಇದನ್ನು ಶುರುವೇ ಮಾಡಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ನಮ್ಮದು ಮಾಂಸ ತಿನ್ನದ ಮನೆ. ಅತ್ತೆಯವರಿಗೆ ಮೊದಲಿಗೆ ಇದು ಸ್ವಲ್ಪವೂ ಸೇರಲಿಲ್ಲ. ಹಿತ್ತಲ ಕೋಣೆಯಲ್ಲಿ ಬೇರೆಯೇ ಚಿಕ್ಕ ಫ್ರಿಜ್, ಬೇರೆ ಮಣೆ, ಬೇರೆ ಚಾಕು, ಬೇರೆ ತಕ್ಕಡಿ ಇಟ್ಟೆ. ಅಡುಗೆಮನೆಗೆ ಒಂದು ತುಣುಕೂ ಹೋಗುವುದಿಲ್ಲ. ಮಡಿಗೆಂದು ಮಾಡಿದ ಈ ವ್ಯವಸ್ಥೆ ಸೋಂಕು ತಡೆಯಲಿಕ್ಕೂ ಅಷ್ಟೇ ಸರಿಯಾದದ್ದು, ಮಾಂಸ ತಿನ್ನುವ ಮನೆಯವರೂ ಹೀಗೇ ಮಾಡುವುದು ಒಳ್ಳೆಯದು. ವಾರದ ಊಟ ಒಮ್ಮೆಗೇ ತೂಗಿ ಡಬ್ಬಿ ಕಟ್ಟಿ ಫ್ರೀಜರಿಗೆ. ಮರುದಿನದ ಡಬ್ಬಿ ಹಿಂದಿನ ರಾತ್ರಿ ಕೆಳಗಿನ ಖಾನೆಗೆ. ಹೊರಗಿಟ್ಟು ಕರಗಿಸುವುದಿಲ್ಲ. ಬೇಸಿಗೆಯಲ್ಲಿ ಬಟ್ಟಲಲ್ಲಿ ಹತ್ತಿಪ್ಪತ್ತು ನಿಮಿಷ ಉಳಿದರೆ ಎತ್ತಿ ಎಸೆಯುತ್ತೇನೆ. ಕರೆಂಟು ಬಹಳ ಹೊತ್ತು ಹೋಗಿ ಮಾಂಸ ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಬೇಯಿಸಿ ಹಾಕೋಣ ಅನ್ನುವುದೂ ಇಲ್ಲ, ಚೆಲ್ಲುವುದೇ. ಸ್ಟೀಲ್ ಬಟ್ಟಲಿಗೆ ಸೋಪು, ಆಮೇಲೆ ಕುದಿಯುವ ನೀರು. ಊಟವಾದ ಕೂಡಲೇ ಅವಳು ಯಾರ ಮುಖವನ್ನೂ ನೆಕ್ಕುವ ಹಾಗಿಲ್ಲ.

ಅತ್ತೆಯವರಿಗೆ ಇನ್ನೊಂದು ಭಯವಿತ್ತು. “ಹಸೀ ಮಾಂಸ ತಿಂದ್ರ ರಕ್ತದ ರುಚಿ ಹತ್ತತೈತಿ, ನಾಳೆ ಹುಡುಗೂರನ್ನ ಕಡದ್ರ ಏನ್ ಮಾಡ್ತಿ?” ಅಂತಿದ್ದರು. ಈ ಮಾತನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಹಸಿ ಮಾಂಸಕ್ಕೂ ಜನರನ್ನು ಕಚ್ಚುವುದಕ್ಕೂ ಸಂಬಂಧವಿಲ್ಲ. ತಿನ್ನುವಾಗ ಯಾರಾದರೂ ಬಟ್ಟಲಿಗೆ ಕೈಹಾಕಿದರೆ ಗುರ್ ಅನ್ನುವ ಸ್ವಭಾವ ಮಾತ್ರ ಎಲುಬು ಕಂಡಾಗ ಹೆಚ್ಚಾಗಬಹುದು. ಅದಕ್ಕೇ ಬಿಜಲಿ ಉಣ್ಣುವಾಗ ಹಿತ್ತಲ ಬಾಗಿಲು ಹಾಕಿರುತ್ತದೆ, ಮಕ್ಕಳು ಅತ್ತ ಹೋಗುವುದಿಲ್ಲ. ಅವಳು ಮೊದಲು ಹೇಗಿದ್ದಳೋ ಈಗಲೂ ಹಾಗೇ ಇದ್ದಾಳೆ. ಅತ್ತೆಯವರೇ ಈಗ ಅವಳ ತಲೆ ಸವರುತ್ತಾ ಜಪ ಮಾಡುತ್ತಾರೆ.

ಕೋಳಿ ಅಂಗಡಿಯ ಭಾಯಿ ಬೆಳಿಗ್ಗೆ ಮೊದಲು ಕೊಯ್ದ ಕೋಳಿಗಳ ಕತ್ತನ್ನು ನನಗೇ ಇಡುತ್ತಾರೆ. “ಅಕ್ಕಾರ, ಚರ್ಮ ಸಮೇತ ತೆಗದಿಟ್ಟೇನ್ರಿ” ಅಂತ ದೂರದಿಂದಲೇ ಕೂಗುತ್ತಾರೆ. ಬೆಳಿಗ್ಗೆಯೇ ಹೋಗುವುದು ಮುಖ್ಯ. ಮಧ್ಯಾಹ್ನದವರೆಗೆ ಹಲಗೆಯ ಮೇಲೆ ಬಿದ್ದಿದ್ದ ಮಾಂಸ ಹಸಿಯಾಗಿ ಹಾಕಲು ಯೋಗ್ಯವಲ್ಲ. ಅಂಗಡಿಯ ಖೀಮಾ ಮಷಿನ್ನಿಗೂ ನಾನು ಕೊಡುವುದಿಲ್ಲ. ಅದನ್ನು ದಿನಕ್ಕೆ ಎಷ್ಟು ಸಲ ತೊಳೆಯುತ್ತಾರೋ ಗೊತ್ತಾಗುವುದಿಲ್ಲ, ಮಾಂಸ ಅರೆದಷ್ಟೂ ಸೂಕ್ಷ್ಮಾಣು ಎಲ್ಲ ಕಡೆ ಹರಡುತ್ತದೆ.

ಎಲುಬು ಹಾಕುವಾಗ ಪಕ್ಕದಲ್ಲೇ ನಿಂತಿರುತ್ತೇನೆ. ಬೇಯಿಸಿದ, ಸುಟ್ಟ, ಹುರಿದ ಎಲುಬು ಯಾವತ್ತೂ ಇಲ್ಲ. ಬೆಂದ ಎಲುಬು ಚೂಪಾಗಿ ಸೀಳಿ ಕರುಳನ್ನು ಚುಚ್ಚುತ್ತದೆ. ಹಬ್ಬದ ಊಟದ ಎಲೆಯಿಂದ ಬಿರಿಯಾನಿ ಎಲುಬು ಹಾಕುವವರಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕು. ಹಸಿ ಎಲುಬಿನಲ್ಲೂ ಕುರಿ ತೊಡೆಯ ಎಲುಬು, ದೊಡ್ಡ ಪ್ರಾಣಿಗಳ ಕಾಲೆಲುಬು ಬೇಡ, ಅವು ನಾಯಿಯ ದವಡೆ ಹಲ್ಲನ್ನೇ ಸೀಳುತ್ತವೆ. ಗರಗಸದಲ್ಲಿ ಉಂಗುರದಂತೆ ಕೊಯ್ದ ನಲ್ಲಿ ಎಲುಬು ಕೆಳದವಡೆಗೆ ಸಿಕ್ಕಿಕೊಳ್ಳುತ್ತದೆ. ಗಬಗಬ ನುಂಗುವ ನಾಯಿಗೆ ಕತ್ತು ಇಡಿಯಾಗಿ ಕೊಟ್ಟರೆ ಗಂಟಲಲ್ಲಿ ನಿಲ್ಲಬಹುದು. ಬಿಜಲಿಗೆ ನಾನು ಕತ್ತನ್ನು ಮಚ್ಚಿನಿಂದ ಜಜ್ಜಿ ಕೊಡುತ್ತೇನೆ. ಹಲ್ಲಿನ ಮೇಲಿನ ಹಳದಿ ಕಡಿಮೆಯಾದದ್ದು ನಿಜ, ಹಾಗೆಂದು ಬ್ರಷ್ ಬಿಟ್ಟಿಲ್ಲ.

ಈ 80, 10, 10ರ ಲೆಕ್ಕ ಪಾಲಿಸಿದರೂ ಕೊರತೆ ಉಳಿಯುತ್ತದೆ: ಸತು, ಮ್ಯಾಂಗನೀಸ್, ಅಯೋಡಿನ್, ವಿಟಮಿನ್ ಡಿ ಮತ್ತು ಇ. ವಾರಕ್ಕೆರಡು ಸಲ ಕಾರವಾರದ ಕಡೆಯಿಂದ ಬರುವ ಬೂತಾಯಿ ಬೇಯಿಸಿ, ಮುಳ್ಳು ತೆಗೆದು ಹಾಕುತ್ತೇನೆ. ಮೀನನ್ನು ಬೇಯಿಸುವುದಕ್ಕೂ ಕಾರಣವಿದೆ. ಆ ಜಾತಿಯ ಕೆಲವು ಮೀನುಗಳಲ್ಲಿ ಬಿ1 ವಿಟಮಿನ್ ಅನ್ನು ನಾಶಮಾಡುವ ಕಿಣ್ವವಿರುತ್ತದೆ, ಕಾವಿಗೆ ಅದು ಕೆಡುತ್ತದೆ. ಬೇಯಿಸಿದ ಮೊಟ್ಟೆ, ಒಂದು ಹಿಡಿ ಬೇಯಿಸಿದ ಕುಂಬಳಕಾಯಿ. ಉಳಿದದ್ದಕ್ಕೆ ಡಾಕ್ಟರು ಬರೆದುಕೊಟ್ಟ ಪುಡಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ಮುಟ್ಟಿಸುವುದಿಲ್ಲ.

ಮನೆಯಲ್ಲಿ ಕರಿಯಾ ಅಂತ ಇನ್ನೊಬ್ಬನಿದ್ದಾನೆ, ಓಣಿಯಲ್ಲೇ ಹುಟ್ಟಿ ನಮ್ಮ ಮನೆ ಸೇರಿದವನು, ಈಗ ವಯಸ್ಸಾಗಿದೆ. ಅವನಿಗೆ ಮೇದೋಜೀರಕ ಗ್ರಂಥಿಯ ಊತ ಬಂದು ಹೋಗಿದೆ. ಕೊಬ್ಬು ಸ್ವಲ್ಪ ಹೆಚ್ಚಾದರೂ ವಾಂತಿ. ಚರ್ಮದ ಕತ್ತು ಅವನಿಗೆ ಕೊಟ್ಟರೆ ಆಸ್ಪತ್ರೆಯೇ ಗತಿ. ಅವನ ಊಟ ಅನ್ನ, ಬೇಯಿಸಿದ ಕೋಳಿ ಎದೆಮಾಂಸ, ಕುಂಬಳಕಾಯಿ, ಮೊಟ್ಟೆಸಿಪ್ಪೆಯ ನುಣುಪು ಪುಡಿ. ಅರ್ಧ ಕಿಲೋ ಮಾಂಸಕ್ಕೆ ಅರ್ಧ ಚಮಚ ಸಿಪ್ಪೆಪುಡಿ ಎಲುಬಿನ ಕ್ಯಾಲ್ಸಿಯಂ ಜಾಗ ತುಂಬುತ್ತದೆ. ಒಂದೇ ಮನೆಯಲ್ಲಿ ಎರಡು ನಾಯಿ, ಎರಡು ಊಟ, ಇಬ್ಬರೂ ಚೆನ್ನಾಗಿದ್ದಾರೆ.

ಜಂತುಹುಳುವಿಗೆ, ಲಾಡಿಹುಳುವನ್ನೂ ಕೊಲ್ಲುವ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯನ್ನು ಡಾಕ್ಟರು ಹೇಳಿದ ಅಂತರದಲ್ಲಿ ತಪ್ಪದೆ ಕೊಡುತ್ತೇನೆ, ಬೀದಿಯಲ್ಲಿ ಏನು ಬಾಯಿಗೆ ಹಾಕಿಕೊಳ್ಳುತ್ತಾಳೋ ಹೇಳಲಾಗದು. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ, ಪ್ರತಿ ತಿಂಗಳು ತೂಕ. ಮುಧೋಳ ನಾಯಿ ಹುಟ್ಟಾ ತೆಳ್ಳಗೆ, ಪಕ್ಕೆಲುಬು ಎರಡು ಮೂರು ಕಂಡರೆ ಸರಿ. ಬೆನ್ನಮೂಳೆ ಎದ್ದು ಕಂಡರೆ ಊಟ 50 ಗ್ರಾಂ ಏರಿಸುತ್ತೇನೆ.

2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ಹಸಿ ಕೋಳಿಯನ್ನು ಅಂದೇ ನಿಲ್ಲಿಸಿದೆ. ಹಸಿ ಕೋಳಿಯಿಂದ ಬೆಕ್ಕುಗಳಿಗೆ ಆ ವೈರಸ್ ತಗುಲಿ ಸತ್ತ ಸುದ್ದಿ ಅಮೆರಿಕದಿಂದ ಬಂದಿತ್ತು, ನಾಯಿಗೂ ಅದು ತಗುಲಬಲ್ಲದು. ಸುದ್ದಿ ತಣ್ಣಗಾಗುವವರೆಗೂ ಎಲುಬು ತೆಗೆದ ಮಾಂಸವನ್ನು ಚೆನ್ನಾಗಿ ಬೇಯಿಸಿ, ಕರಿಯಾನ ಡಬ್ಬಿಯ ಸಿಪ್ಪೆಪುಡಿಯನ್ನೇ ಬೆರೆಸಿ ಬಿಜಲಿಗೂ ಹಾಕಿದೆ. ಬೇಯಿಸಿದ್ದು ಅಂತ ಅವಳು ಒಂದು ತುತ್ತೂ ಬಿಡಲಿಲ್ಲ, ತೂಕವೂ ಅಷ್ಟೇ ನಿಂತಿತು.