ಬಿಎಸ್ಸಿ ಓದಿ ಅಕೌಂಟ್ಸ್ ಕೆಲಸಕ್ಕೆ ಬಂದೆ

ನನ್ನದು ಬಿಎಸ್ಸಿ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ. ಈಗ ಶಿವಮೊಗ್ಗದ ಒಂದು ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿಯ ಲೆಕ್ಕಪತ್ರ ಪೂರ್ತಿ ನೋಡಿಕೊಳ್ಳುತ್ತೇನೆ. ಬಿಕಾಂ ಇಲ್ಲದೆ ಈ ಕೆಲಸ ಸಿಗುತ್ತಾ ಅಂತ ಸುಮಾರು ಜನ ಕೇಳುತ್ತಾರೆ. ಸಿಗುತ್ತದೆ. ಆಡಿಟ್ ರಿಪೋರ್ಟಿಗೆ ಸಹಿ ಹಾಕೋಕೆ ಸಿಎ ಆಗಿರಬೇಕು. ಅಂಗಡಿಯ ಲೆಕ್ಕ ಬರೆಯೋಕೆ ಇಂಥದ್ದೇ ಡಿಗ್ರಿ ಅಂತೇನೂ ಇಲ್ಲ.

ಎಲ್ಲರ ಹಾಗೆ ನಾನೂ ಮೊದಲು ಲೆಕ್ಕ ಬರೆಯೋ ಸಾಫ್ಟ್‌ವೇರ್ ಟ್ಯಾಲಿಯ ಕ್ಲಾಸಿಗೆ ಸೇರಿದೆ. ಎಫ್5 ಒತ್ತಿದರೆ ಪೇಮೆಂಟ್, ಎಫ್8 ಸೇಲ್ಸ್, ಎಫ್9 ಪರ್ಚೇಸ್. ಅದು ಬೇಗ ಕೈಗೆ ಹತ್ತಿತು. ಯಾವ ಬಿಲ್ಲು ಯಾವ ಲೆಡ್ಜರ್‌ಗೆ, ಅಂದರೆ ಯಾವ ಖಾತೆಗೆ, ಹೋಗಬೇಕು ಅನ್ನೋದನ್ನು ಮಾತ್ರ ಕ್ಲಾಸಿನಲ್ಲಿ ಯಾರೂ ಹೇಳಲಿಲ್ಲ. ತಂಗಿಯ ಪಿಯುಸಿ ಅಕೌಂಟೆನ್ಸಿ ಪುಸ್ತಕ ಇಟ್ಟುಕೊಂಡು ಕೂತೆ. ಆಮೇಲೆ ಒಂದು ಆಡಿಟರ್ ಆಫೀಸಿಗೆ ಸೇರಿದೆ. ಸಂಬಳ ಕಡಿಮೆ. ಆದರೆ ಅಡಿಕೆ ಮಂಡಿ, ಮೆಡಿಕಲ್ ಶಾಪು, ಲಾರಿ ಮಾಲೀಕರು, ಹೀಗೆ ಎಲ್ಲರ ಫೈಲೂ ಅಲ್ಲಿಗೇ ಬರುತ್ತಿತ್ತು. ದುಬಾರಿ ಕೋರ್ಸಿಗೆ ದುಡ್ಡು ಸುರಿಯೋ ಮೊದಲು ಇಂಥ ಕಡೆ ಸ್ವಲ್ಪ ದಿನ ಕೆಲಸ ಮಾಡಿ ಅಂತಲೇ ನಾನು ಹೇಳೋದು.

ನನಗೆ ಅಕೌಂಟ್ಸ್ ಅರ್ಥವಾದದ್ದು ಬ್ಯಾಂಕ್ ರಿಕನ್ಸಿಲಿಯೇಶನ್, ಅಂದರೆ ನಮ್ಮ ಪುಸ್ತಕವನ್ನು ಬ್ಯಾಂಕ್ ಸ್ಟೇಟ್‌ಮೆಂಟಿನ ಜೊತೆ ತಾಳೆ ನೋಡುವ ಕೆಲಸ, ಮಾಡುವಾಗ. ಬ್ಯಾಂಕಿಗೆ ದುಡ್ಡು ಕಟ್ಟಿದರೆ ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಡೆಬಿಟ್, ಸ್ಟೇಟ್‌ಮೆಂಟಿನಲ್ಲಿ ಅದೇ ದುಡ್ಡು ಕ್ರೆಡಿಟ್! ಬ್ಯಾಂಕಿನ ಲೆಕ್ಕದಲ್ಲಿ ನಾವು ಅವರಿಗೆ ಸಾಲ ಕೊಟ್ಟವರು, ಅದಕ್ಕೆ. ಇದು ತಲೆಗೆ ಹೋದ ಮೇಲೆ ಡೆಬಿಟ್-ಕ್ರೆಡಿಟ್ ಬಾಯಿಪಾಠ ಮಾಡೋದು ಬಿಟ್ಟೆ. ಮಾರ್ಚ್ 28ಕ್ಕೆ ಕೊಟ್ಟ ಚೆಕ್ಕು ಏಪ್ರಿಲ್ 4ಕ್ಕೆ ಪಾಸಾಗಿರುತ್ತದೆ. ಬ್ಯಾಂಕು ತಾನಾಗಿ ಚಾರ್ಜು ಹಿಡಿದಿರುತ್ತದೆ. ಯಾರೋ ಗಿರಾಕಿ ಹೇಳದೆ ಕೇಳದೆ ಯುಪಿಐ ಮಾಡಿರುತ್ತಾರೆ. ಒಂದೊಂದಾಗಿ ಟಿಕ್ ಹಾಕುತ್ತಾ ಹೋಗಿ ವ್ಯತ್ಯಾಸ ಸೊನ್ನೆ ಆದಾಗ ಸಿಗುವ ಖುಷಿ ಬೇರೆಯೇ.

ಈಗಿನ ಕೆಲಸದ ಇಂಟರ್‌ವ್ಯೂನಲ್ಲಿ ಮಾಲೀಕರು ಡಿಗ್ರಿ ಕೇಳಲೇ ಇಲ್ಲ. ಪರ್ಚೇಸ್ ರಿಜಿಸ್ಟರೂ ಜಿಎಸ್‌ಟಿಆರ್-2ಬಿ (ಸಪ್ಲೈಯರ್‌ಗಳು ಹಾಕಿದ ರಿಟರ್ನ್‌ಗಳಿಂದ ಜಿಎಸ್‌ಟಿ ಪೋರ್ಟಲ್ ಮಾಡಿಕೊಡುವ ಪಟ್ಟಿ) ಪ್ರಿಂಟೂ ಮುಂದಿಟ್ಟು, "ಇದು ಯಾಕೆ ತಾಳೆ ಆಗ್ತಿಲ್ಲ ನೋಡಮ್ಮ" ಅಂದರು. 1 ಲಕ್ಷದ ಪೇಂಟ್ ಬಿಲ್ಲು, 18 ಪರ್ಸೆಂಟ್ ಲೆಕ್ಕದಲ್ಲಿ 18,000 ತೆರಿಗೆ. ಬಿಲ್ಲು ರಿಜಿಸ್ಟರ್‌ನಲ್ಲಿತ್ತು, 2ಬಿಯಲ್ಲಿ ಇರಲಿಲ್ಲ. ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಪ್ಲೈಯರ್ ಮುಂದಿನ ತಿಂಗಳ 11ನೇ ತಾರೀಖಿನೊಳಗೆ ತನ್ನ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1 ಹಾಕದಿದ್ದರೆ ಆ ಬಿಲ್ಲು ಮುಂದಿನ 2ಬಿಗೆ ಹೋಗುತ್ತದೆ. ಅಲ್ಲಿಯವರೆಗೆ ಆ ತೆರಿಗೆಯ ಕ್ರೆಡಿಟ್ ತಗೊಳ್ಳೋ ಹಾಗಿಲ್ಲ, ಅಂದರೆ ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆಯೋ ಹಾಗಿಲ್ಲ. ಅಷ್ಟು ಹೇಳಿದೆ, ಕೆಲಸ ಆಯಿತು.

ಪರೀಕ್ಷೆ ಬರೆದು ಮೇಲೆ ಹೋಗಬೇಕು ಅನ್ನುವವರಿಗೂ ದಾರಿ ಇದೆ. ಕಾಮರ್ಸ್ ಅಲ್ಲದ ಪದವೀಧರರು 60 ಪರ್ಸೆಂಟ್ ತೆಗೆದಿದ್ದರೆ ಮೊದಲ ಹಂತದ ಫೌಂಡೇಶನ್ ಬರೆಯದೆ ನೇರ ಎರಡನೇ ಹಂತದ ಸಿಎ ಇಂಟರ್‌ಗೆ ಸೇರಬಹುದು. ನನ್ನದು ಅಷ್ಟಿರಲಿಲ್ಲ. ಸಿಎಂಎ (ಕಾಸ್ಟ್ ಅಂಡ್ ಮ್ಯಾನೇಜ್‌ಮೆಂಟ್ ಅಕೌಂಟೆಂಟ್) ಇಂಟರ್‌ಗೆ ಬಿಎಸ್ಸಿ ಪಾಸಾಗಿದ್ದರೆ ಸಾಕು, ಹಾಗಾಗಿ ಅದನ್ನೇ ಹಿಡಿದೆ. ಕಾಸ್ಟಿಂಗ್ ಪೇಪರ್ ಸುಲಭ ಅನ್ನಿಸಿತು, ಕಾನೂನು ಪೇಪರ್ ಪ್ರಾಣ ತಿಂತು. ಮೊದಲ ಗ್ರೂಪ್ ಮುಗಿದಿದೆ. ಎರಡನೆಯದು ಡಿಸೆಂಬರ್‌ನಲ್ಲಿ, ಅದೂ ಜಿಎಸ್‌ಟಿ ರಿಟರ್ನ್ ಹಾಕುವ ಹೊತ್ತಿಗೇ. ರಜೆ ಬೇಕು ಅಂತ ಮಾಲೀಕರಿಗೆ ಈಗಲೇ ಹೇಳಿಟ್ಟಿದ್ದೇನೆ.